ಹೆವಿವೇಟ್ ಬಾಕ್ಸರನಿಗೆ ಗುರು ಕೊಡುವುದೇನು?

ಕೋಟುಮಚಗಿಯಿಂದ ಶಿರಹಟ್ಟಿಯವರೆಗೆ ಜಾತ್ರೆಯ ಕುಸ್ತಿ ನೋಡಿ ಬೆಳೆದವರಿಗೆ ಗರಡಿಮನೆಯ ಉಸ್ತಾದನ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಮೊಬೈಲಿನಲ್ಲಿ ಹೆವಿವೇಟ್ ಬಾಕ್ಸಿಂಗ್ ನೋಡುವಾಗ ಎರಡು ಮಾತು ಕೇಳಿಬರುತ್ತವೆ. ‘ನೂರಾ ಹತ್ತು ಕಿಲೋ ಆಳಿಗೆ ಯಾರು ಏನ್ ಕಲಸ್ತಾರ, ಒಂದು ಏಟು ಬಿದ್ರ ಆತು’ ಎಂಬುದು ಒಂದು. ‘ಛಲೋ ಗುರು ಸಿಕ್ಕರ ಎಂಥವನೂ ಚಾಂಪಿಯನ್’ ಎಂಬುದು ಇನ್ನೊಂದು. 2019ರ ‘ಪೈಲ್ವಾನ್’ ಚಿತ್ರದಲ್ಲಿ ಸುದೀಪ್ ಕುಸ್ತಿಯ ಕಣದಿಂದ ಬಾಕ್ಸಿಂಗ್ ರಿಂಗಿಗೆ ಹೋಗಿ ಗೆದ್ದದ್ದನ್ನು ಕಂಡವರಿಗೆ ಎರಡನೆಯ ಮಾತು ಇನ್ನೂ ಸಹಜವೆನಿಸಬಹುದು. ಎರಡೂ ತಪ್ಪು. ದೊಡ್ಡ ಗುರು ಹೆವಿವೇಟಿನವನಿಗೆ ಹೊಸ ಬಲ ಕೊಡುವುದಿಲ್ಲ. ಇರುವ ಬಲವನ್ನು ಎಷ್ಟು ದೂರದಲ್ಲಿ ನಿಂತು ಬಳಸಬೇಕು, ಯಾವ ಚಟವನ್ನು ಬಿಡಬೇಕು ಎಂಬುದನ್ನು ಕಲಿಸುತ್ತಾನೆ. ಕಳೆದ ಮೂವತ್ತು ವರ್ಷಗಳ ಬಾಕ್ಸಿಂಗ್ ಇದನ್ನೇ ಮತ್ತೆ ಮತ್ತೆ ತೋರಿಸಿದೆ.

ಇದಕ್ಕೆ ಅತ್ಯುತ್ತಮ ಸಾಕ್ಷಿ ಡೆಟ್ರಾಯಿಟಿನ ಕ್ರಾಂಕ್ ಜಿಮ್‌ನ ಇಮ್ಯಾನುಯೆಲ್ ಸ್ಟೂವರ್ಡ್. ದೈತ್ಯರನ್ನು ತಿದ್ದಿದ ಈತ ಸ್ವತಃ ದೈತ್ಯನಾಗಿರಲಿಲ್ಲ. 1963ರಲ್ಲಿ ಗೋಲ್ಡನ್ ಗ್ಲೌಸ್ ಗೆದ್ದದ್ದು ಸುಮಾರು 54 ಕಿಲೋ ತೂಕದ ಬ್ಯಾಂಟಮ್‌ವೇಟ್ ವಿಭಾಗದಲ್ಲಿ. ಹೆವಿವೇಟಿನವನಿಗೆ ಹೆವಿವೇಟಿನವನೇ ಕಲಿಸಬೇಕೆಂಬ ನಂಬಿಕೆ ಇಲ್ಲಿಗೇ ಬಿದ್ದುಹೋಗುತ್ತದೆ. 1994ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಚಾಂಪಿಯನ್ ಲೆನಾಕ್ಸ್ ಲೂಯಿಸ್‌ನನ್ನು ಆಲಿವರ್ ಮೆಕಾಲ್ ಎರಡನೇ ಸುತ್ತಿನಲ್ಲೇ ಉರುಳಿಸಿದ. ಲೂಯಿಸ್ ಬಲಗೈ ಬೀಸಿದ ಗಳಿಗೆಯಲ್ಲೇ ಮೆಕಾಲ್‌ನ ಬಲಗೈ ಮೊದಲು ಬಂದು ತಾಗಿತ್ತು. ಆ ದಿನ ಮೆಕಾಲ್‌ನ ಮೂಲೆಯಲ್ಲಿ ಗುರುವಾಗಿ ಇದ್ದವನು ಸ್ಟೂವರ್ಡ್. ಸೋತ ಲೂಯಿಸ್ ಸಿಟ್ಟಾಗಿ ಕೂರಲಿಲ್ಲ, ತನ್ನನ್ನು ಸೋಲಿಸಿದ ಗುರುವನ್ನೇ ತನ್ನ ಗುರುವಾಗಿ ಮಾಡಿಕೊಂಡ. ಮುಂದೆ 1997ರಲ್ಲಿ ಅದೇ ಮೆಕಾಲ್‌ನನ್ನು ಸೋಲಿಸಿ ಪಟ್ಟ ಮರಳಿ ಪಡೆದ, 1999ರಲ್ಲಿ ಹೋಲಿಫೀಲ್ಡ್‌ನನ್ನು, 2002ರ ಜೂನಿನಲ್ಲಿ ಮೆಂಫಿಸ್‌ನಲ್ಲಿ ಮೈಕ್ ಟೈಸನ್‌ನನ್ನು ಸೋಲಿಸಿದ. ಮುಖ್ಯವಾಗಿ ಬದಲಾದದ್ದು ಉದ್ದನೆಯ ಎಡಗೈ ಜ್ಯಾಬ್‌ನ, ಅಂದರೆ ನೇರ ಏಟಿನ, ಬಳಕೆ. ಆರಡಿ ಐದಿಂಚಿನ ಆಳು ತನ್ನ ಎತ್ತರವನ್ನು ಎದುರಾಳಿಗೆ ಬಿಟ್ಟುಕೊಡದೆ ಜ್ಯಾಬ್‌ನ ತುದಿಯಲ್ಲೇ ಅವನನ್ನು ನಿಲ್ಲಿಸಿ, ಅದರ ಹಿಂದೆ ಬಲಗೈ ಹಾಕತೊಡಗಿದ.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಲೂಯಿಸ್ 1988ರ ಸೋಲ್ ಒಲಿಂಪಿಕ್ಸಿನ ಚಿನ್ನದವನು, ಸ್ಟೂವರ್ಡ್‌ನ ಇನ್ನೊಬ್ಬ ಶಿಷ್ಯ ವ್ಲಾದಿಮಿರ್ ಕ್ಲಿಚ್ಕೊ 1996ರ ಅಟ್ಲಾಂಟಾದ ಚಿನ್ನದವನು. ಚಿನ್ನವನ್ನೇ ತಂದುಕೊಟ್ಟರೆ ಯಾರು ಬೇಕಾದರೂ ಒಡವೆ ಮಾಡಿಯಾರು ಎಂದು ಕೇಳಬಹುದು. ಪ್ರತಿಭೆ ಮೊದಲೇ ಇತ್ತು, ನಿಜ. ಆದರೆ ಆ ಪ್ರತಿಭೆ ಇದ್ದೂ ಕ್ಲಿಚ್ಕೊ 2003ರಲ್ಲಿ ಕೋರಿ ಸ್ಯಾಂಡರ್ಸ್ ಕೈಯಲ್ಲಿ ಎರಡೇ ಸುತ್ತಿನಲ್ಲಿ ಮುಗಿದುಹೋಗಿದ್ದ. ಹೊಸ ಗುರು ಸ್ಟೂವರ್ಡ್‌ನೊಂದಿಗೂ 2004ರ ಏಪ್ರಿಲ್‌ನಲ್ಲಿ ಲೇಮನ್ ಬ್ರೂಸ್ಟರ್‌ಗೆ ಸೋತ. ‘ಗುರು ಬಂದ ಮರುದಿನವೇ ಗೆಲುವು’ ಎನ್ನುವವರು ಈ ಸೋಲನ್ನು ಮರೆಯಬಾರದು. ಸ್ಟೂವರ್ಡ್ ಅವನ ಕೈಗೆ ಹೊಸ ಏಟು ಹಾಕಲು ಹೋಗಲಿಲ್ಲ, ಆಟವನ್ನೇ ಕಿರಿದು ಮಾಡಿದ: ಜ್ಯಾಬ್, ಬಲಗೈ, ಎಡಗೈ ಹುಕ್, ಹತ್ತಿರ ಬಂದವನನ್ನು ಅಪ್ಪಿ ಹಿಡಿಯುವುದು. ನೋಡುವವರಿಗೆ ಅದು ಬೇಸರ ತರಿಸಿತು ಎಂಬ ದೂರು ಸುಳ್ಳಲ್ಲ. ಆದರೆ ಬ್ರೂಸ್ಟರ್ ನಂತರದ ಸೋಲು ಬಂದದ್ದು 2015ರ ನವೆಂಬರಿನಲ್ಲಿ, ಟೈಸನ್ ಫ್ಯೂರಿಯ ಎದುರು. ನಡುವೆ ಹನ್ನೊಂದು ವರ್ಷ, ಸ್ಟೂವರ್ಡ್ 2012ರಲ್ಲೇ ತೀರಿಕೊಂಡಿದ್ದ. ಗುರು ಹೋದ ಮೇಲೂ ಪಾಠ ಉಳಿದಿತ್ತು.

ಇನ್ನೊಂದು ತಪ್ಪು ಕಲ್ಪನೆ ಮೂಲೆಯ ಒಂದು ನಿಮಿಷದ್ದು. ಸುತ್ತುಗಳ ನಡುವೆ ಗುರು ಏನೋ ಮಂತ್ರ ಊದುತ್ತಾನೆ, ಪಂದ್ಯ ತಿರುಗುತ್ತದೆ ಎಂದು ಜನ ನಂಬುತ್ತಾರೆ. 1974ರ ಕಿನ್ಶಾಸಾ ಪಂದ್ಯದಲ್ಲಿ ಮುಹಮ್ಮದ್ ಅಲಿಯ ಗುರು ಏಂಜೆಲೋ ಡಂಡಿ ರಿಂಗಿನ ಹಗ್ಗ ಸಡಿಲಿಸಿಯೇ ಅವನನ್ನು ಗೆಲ್ಲಿಸಿದ ಎಂಬ ಕಥೆ ಇವತ್ತಿಗೂ ಓಡಾಡುತ್ತದೆ. ಡಂಡಿ ಇದನ್ನು ಕೊನೆಯವರೆಗೂ ಅಲ್ಲಗಳೆದ. ಸಡಿಲಾಗಿದ್ದ ಹಗ್ಗವನ್ನು ಬಿಗಿಗೊಳಿಸಲು ತಾನು ಹೋಗಿದ್ದೆ ಎಂದ. ಅಷ್ಟೇ ಅಲ್ಲ, ಹಗ್ಗ ಬಿಟ್ಟು ಹೊರಗೆ ಬಾ ಎಂದು ಅವನು ಕೂಗುತ್ತಿದ್ದಾಗ ಹಗ್ಗಕ್ಕೊರಗಿ ಎದುರಾಳಿ ಫೋರ್ಮನ್‌ನನ್ನು ದಣಿಸುವ ನಿರ್ಧಾರ ತೆಗೆದುಕೊಂಡದ್ದು ಅಲಿ. ದಣಿದ ಮೆದುಳಿಗೆ ಆ ಅರವತ್ತು ಸೆಕೆಂಡಿನಲ್ಲಿ ಹೊಸದು ಹತ್ತುವುದಿಲ್ಲ. ವಾರಗಟ್ಟಲೆ ಶಿಬಿರದಲ್ಲಿ ಮೈಗೆ ಇಳಿದದ್ದನ್ನು ನೆನಪಿಸಬಹುದು, ಅಷ್ಟೆ. ಗುರುವಿನ ಕೈ ಮೀರಿದ್ದೂ ಇದೆ. 2001ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಎತ್ತರದ ನೆಲಕ್ಕೆ ತಡವಾಗಿ ಬಂದಿಳಿದ, ತಯಾರಿ ಸಾಲದ ಲೂಯಿಸ್‌ನನ್ನು ಹಸೀಮ್ ರಹಮಾನ್ ಮಲಗಿಸಿದಾಗ ಅವನ ಮೂಲೆಯಲ್ಲಿ ಇದೇ ಸ್ಟೂವರ್ಡ್ ಇದ್ದ.

ಹಾಗಾದರೆ ಒಳ್ಳೆಯ ಗುರು ಎಲ್ಲರಿಗೂ ದೂರ ನಿಲ್ಲು ಎಂದೇ ಹೇಳುತ್ತಾನೆಯೇ? ಇಲ್ಲ, ಮತ್ತು ನನ್ನ ವಾದಕ್ಕೆ ಬಲ ಬರುವುದೇ ಇಲ್ಲಿ. 2018ರ ಡಿಸೆಂಬರಿನಲ್ಲಿ ಫ್ಯೂರಿ ಹಿಂದೆ ಸರಿದು ಸರಿದು ಆಡಿ ಡಿಯೊಂಟೆ ವೈಲ್ಡರ್ ಜೊತೆ ಸಮ ಮಾಡಿಕೊಂಡಿದ್ದ, ಎರಡು ಸಲ ನೆಲಕ್ಕೂ ಬಿದ್ದಿದ್ದ. ಮರುಪಂದ್ಯಕ್ಕೆ ಮುನ್ನ ಅವನು ಸ್ಟೂವರ್ಡ್‌ನ ಸೋದರಳಿಯ ಶುಗರ್‌ಹಿಲ್‌ನನ್ನು ಕರೆದುಕೊಂಡ. ಒಂದೇ ಪಾಠಶಾಲೆ, ಔಷಧಿ ಮಾತ್ರ ತದ್ವಿರುದ್ಧ: ಮುಂದೆ ಹೋಗು, ವೈಲ್ಡರ್‌ಗೆ ಬಲಗೈ ಎಳೆದು ಬೀಸುವಷ್ಟು ಜಾಗವನ್ನೇ ಕೊಡಬೇಡ. 2020ರ ಫೆಬ್ರವರಿಯಲ್ಲಿ ಏಳನೇ ಸುತ್ತಿಗೆ ಫ್ಯೂರಿ ಪಂದ್ಯ ಗೆದ್ದು ಮುಗಿಸಿದ. ಗುರುವನ್ನು ಬದಲಿಸಿದ ಮಾತ್ರಕ್ಕೆ ಹೀಗಾಗುವುದಿಲ್ಲ ಎಂಬುದಕ್ಕೆ ಆಂಥೊನಿ ಜೋಶುವಾ ಸಾಕ್ಷಿ. 2021ರಲ್ಲಿ ಓಲೆಕ್ಸಾಂಡರ್ ಉಸಿಕ್‌ಗೆ ಸೋತವನು ರಾಬರ್ಟ್ ಗಾರ್ಸಿಯಾ ಬಳಿ ಹೋದ, 2022ರ ಮರುಪಂದ್ಯದಲ್ಲಿ ಮೊದಲಿಗಿಂತ ಚೆನ್ನಾಗಿ ಆಡಿದ, ಒಬ್ಬ ತೀರ್ಪುಗಾರನ ಮತವನ್ನೂ ಪಡೆದ, ಆದರೂ ಸೋತ. ಮತ್ತೆ ಗುರು, ಮತ್ತೆ ಇನ್ನೊಬ್ಬ ಗುರು, 2024ರಲ್ಲಿ ಡೇನಿಯಲ್ ಡುಬೊಯಿಸ್ ಎದುರು ಐದೇ ಸುತ್ತಿನಲ್ಲಿ ಸೋಲು. ಒಂದೊಂದು ಸೋಲಿಗೂ ಹೊಸ ಪಾಠ ಶುರುಮಾಡಿದರೆ ಯಾವುದೂ ಮೈಗೂಡುವುದಿಲ್ಲ. ಜೋಶುವಾನಂಥ ದೇಹಕ್ಕೆ ಬೇಕಿದ್ದದ್ದು ಒಬ್ಬನೇ ಗುರುವಿನ ಕೆಳಗೆ ನಾಲ್ಕೈದು ವರ್ಷ.

ತೂಕವೇ ಎಲ್ಲ ಎನ್ನುವವರಿಗೆ ಈ ಉಸಿಕ್ ಒಬ್ಬನೇ ಸಾಕು. 2024ರ ಡಿಸೆಂಬರಿನಲ್ಲಿ ರಿಯಾದ್‌ನಲ್ಲಿ ಅವನ ತೂಕ ಸುಮಾರು 103 ಕಿಲೋ, ಫ್ಯೂರಿಯದು ಸುಮಾರು 127. ಗೆದ್ದವನು ಉಸಿಕ್, ಅದೂ ಮೂವರು ತೀರ್ಪುಗಾರರ ಒಮ್ಮತದಿಂದ. ಆ ಪಂದ್ಯಕ್ಕೆ ಮುನ್ನ ನಿಜವಾದ ದೊಡ್ಡ ಗುರು ಫ್ಯೂರಿಯ ಮೈಯಿಂದ ಏಳೆಂಟು ಕಿಲೋ ಇಳಿಸುತ್ತಿದ್ದ ಎಂಬುದು ನನ್ನ ಅಭಿಪ್ರಾಯ. ಆ ವರ್ಷದ ಮೇ ತಿಂಗಳಲ್ಲಿ ಇಬ್ಬರೂ ಮೊದಲು ಎದುರಾದ ಪಂದ್ಯದಲ್ಲಿ ಕೆಲವು ಸುತ್ತು ಉಸಿಕ್‌ನನ್ನು ಕಾಡಿದ್ದು ಫ್ಯೂರಿ ಹೊಟ್ಟೆಗೆ ಹಾಕಿದ ಏಟುಗಳು, ಭಾರವಲ್ಲ. ಆ ಏಟನ್ನು ಹನ್ನೆರಡೂ ಸುತ್ತು ಹಾಕಲು ಬೇಕಾದದ್ದು ಉಸಿರು. ಡುಬೊಯಿಸ್‌ನ ಪಾಠ ಬೇರೆ. 2025ರ ಜುಲೈನಲ್ಲಿ ವೆಂಬ್ಲಿಯಲ್ಲಿ ಉಸಿಕ್‌ನ ಎಡಗೈಗೆ ಐದನೇ ಸುತ್ತಿನಲ್ಲಿ ಬಿದ್ದವನಿಗೆ ಬಲ ಸಾಲದೆ ಹೋಗಿರಲಿಲ್ಲ. ಉಸಿಕ್‌ನಂಥ ಎಡಗೈಯವನ ಎದುರು ಮುಂಗಾಲನ್ನು ಅವನ ಮುಂಗಾಲಿನ ಹೊರಬದಿಗೆ ಇಡುವುದು, ಹೊಡೆದ ಕೈ ನೇರ ಗದ್ದಕ್ಕೆ ಮರಳುವುದು, ಹೊಡೆದ ಮೇಲೆ ತಲೆ ಇದ್ದಲ್ಲೇ ಇರದಂತೆ ನೋಡಿಕೊಳ್ಳುವುದು, ಇವನ್ನು ಎದುರಾಳಿಯೇ ಇಲ್ಲದ ಖಾಲಿ ರಿಂಗಿನಲ್ಲಿ ಸಾವಿರ ಸಲ ಮಾಡಿಸುವ ತಾಳ್ಮೆಯವನು ಅವನಿಗೆ ಬೇಕು.