ಧ್ವನಿ ಸಂಗ್ರಹಾಲಯದ ಜಾಲವ್ಯವಸ್ಥೆಯಲ್ಲಿ ವಿ-ಲ್ಯಾನ್ ಟ್ಯಾಗ್

ಕ್ಷೇತ್ರಕಾರ್ಯದ ಧ್ವನಿಮುದ್ರಣಗಳು ಟೇಪಿನಿಂದ ಗಣಕಕ್ಕೆ ವರ್ಗಾವಣೆಗೊಂಡಂತೆ ಅವುಗಳ ರಕ್ಷಣೆಯ ಪ್ರಶ್ನೆಯೂ ಕಪಾಟಿನ ಬೀಗದಿಂದ ಜಾಲದ ವಿನ್ಯಾಸಕ್ಕೆ ಸ್ಥಳಾಂತರಗೊಂಡಿದೆ. ಹೊರಗಿನವರಿಗೆ ಕೇಳಿಸಬಾರದೆಂಬ ಷರತ್ತಿನ ಮೇಲೆ ಹಾಡಲಾದ ಆಚರಣೆಯ ಹಾಡುಗಳೂ ಸಂಗ್ರಹಾಲಯಗಳಿಗೆ ಸೇರುವುದುಂಟು. ಅಂಥ ಕಡತಗಳಿರುವ ಗಣಕವೂ ವಾಚನಾಲಯದ ಗಣಕಗಳೂ ಯಾವ ವಿಂಗಡಣೆಯೂ ಇಲ್ಲದೆ ಒಂದೇ ಜಾಲದಲ್ಲಿದ್ದರೆ ವಕ್ತೃವಿಗೆ ಕೊಟ್ಟ ಮಾತು ಉಳಿಯುವುದು ಕಷ್ಟ. ವಿಭಾಗಕ್ಕೊಂದು ಸ್ವಿಚ್, ಪ್ರತ್ಯೇಕ ಕೇಬಲ್ ಎಂಬುದು ದುಬಾರಿ ಪರಿಹಾರ. ಒಂದೇ ಸ್ವಿಚ್ಚನ್ನು ಹಲವು ತಾರ್ಕಿಕ ಜಾಲಗಳಾಗಿ ಒಡೆಯುವ ವಿ-ಲ್ಯಾನ್ ಪದ್ಧತಿ ಇದಕ್ಕೆ ಪರ್ಯಾಯ.

ಒಂದೇ ಸ್ವಿಚ್ಚಿನೊಳಗೆ ಟ್ಯಾಗಿನ ಅಗತ್ಯವಿಲ್ಲ; ಯಾವ ಪೋರ್ಟ್ ಯಾವ ಗುಂಪಿಗೆ ಸೇರಿದ್ದೆಂಬುದು ಸ್ವಿಚ್ಚಿಗೆ ತಿಳಿದಿರುತ್ತದೆ. ಕೆಳ ಅಂತಸ್ತಿನ ಸ್ವಿಚ್ಚಿಗೂ ಮೇಲಂತಸ್ತಿನ ಸ್ವಿಚ್ಚಿಗೂ ಒಂದೇ ಕೇಬಲ್ ಎಳೆದಾಗ, ಅದರಲ್ಲಿ ಹರಿದು ಬಂದ ಫ್ರೇಮು ಯಾವ ಗುಂಪಿನದೆಂದು ಗುರುತಿಸುವ ಸಮಸ್ಯೆ ತಲೆದೋರುತ್ತದೆ. ಸಿಸ್ಕೋ ಸಂಸ್ಥೆಯ ಐಎಸ್‌ಎಲ್ ವಿಧಾನವು ಇಡೀ ಫ್ರೇಮನ್ನು 30 ಬೈಟ್‌ಗಳ ಹೊದಿಕೆಯಲ್ಲಿ ಸುತ್ತುತ್ತಿತ್ತು. 1998ರಲ್ಲಿ ಪ್ರಕಟವಾದ ಐಇಇಇ 802.1ಕ್ಯೂ ಮಾನಕವು ಹೊದಿಕೆಯ ಬದಲು ಫ್ರೇಮಿನೊಳಗೇ, ಮೂಲ ವಿಳಾಸದ ನಂತರ, 4 ಬೈಟ್‌ಗಳ ಟ್ಯಾಗನ್ನು ಸೇರಿಸಿತು. ಮೊದಲ 2 ಬೈಟ್‌ಗಳು ಇದು ಟ್ಯಾಗ್ ಎಂದು ಸೂಚಿಸುತ್ತವೆ. ಉಳಿದ 16 ಬಿಟ್‌ಗಳಲ್ಲಿ 12 ಬಿಟ್‌ಗಳು ಗುಂಪಿನ ಸಂಖ್ಯೆಗೆ ಮೀಸಲು. ಹೀಗೆ ದೊರೆಯುವ 4096 ಸಂಖ್ಯೆಗಳಲ್ಲಿ 0 ಮತ್ತು 4095ನ್ನು ಬಿಟ್ಟು 4094 ಬಳಕೆಗೆ ಸಿಗುತ್ತವೆ.

ಕುರಿಗಾರರು ಕುರಿಯ ಕಿವಿಗೆ ಹಾಕುವ ಗುರುತನ್ನು ಇದಕ್ಕೆ ಹೋಲಿಸಬಹುದಾದರೂ ಹೋಲಿಕೆ ಅರ್ಧದಷ್ಟೇ ಸರಿ. ಕಿವಿಯ ಗುರುತು ಕುರಿಯ ಜೀವಮಾನವಿಡೀ ಉಳಿಯುತ್ತದೆ. ಟ್ಯಾಗ್ ಸಾಮಾನ್ಯವಾಗಿ ಸ್ವಿಚ್ಚುಗಳ ನಡುವಿನ ದಾರಿಯಲ್ಲಿ ಮಾತ್ರವಿದ್ದು, ಗಣಕವನ್ನು ತಲುಪುವ ಮುನ್ನ ಕಳಚಿಹೋಗುತ್ತದೆ.

ಆಡಳಿತಕ್ಕೆ 10, ವಾಚನಾಲಯಕ್ಕೆ 20, ಮೂಲಪ್ರತಿಗಳ ಭಂಡಾರಕ್ಕೆ 30 ಎಂದು ಸಂಖ್ಯೆ ಕೊಟ್ಟಿದೆಯೆಂದು ಭಾವಿಸೋಣ. ಎರಡೂ ಸ್ವಿಚ್ಚುಗಳಲ್ಲಿ ಈ ಸಂಖ್ಯೆಗಳನ್ನು ಸೃಷ್ಟಿಸಬೇಕು. ಗಣಕಗಳ ಪೋರ್ಟ್‌ಗಳನ್ನು ಆಯಾ ಗುಂಪಿಗೆ ಆಕ್ಸೆಸ್ ಪೋರ್ಟ್‌ಗಳಾಗಿ ನಿಗದಿಪಡಿಸಬೇಕು. ಸ್ವಿಚ್ಚುಗಳನ್ನು ಕೂಡಿಸುವ ಪೋರ್ಟನ್ನು ಟ್ರಂಕ್ ಎಂದು ಘೋಷಿಸಿ, ಅಗತ್ಯವಾದ ಗುಂಪುಗಳಿಗಷ್ಟೇ ಅಲ್ಲಿ ಅನುಮತಿ ನೀಡಬೇಕು. ಪರಿಭಾಷೆಯ ಬಗ್ಗೆ ಎಚ್ಚರ ಅಗತ್ಯ. ಸಿಸ್ಕೋ ಬಳಕೆಯಲ್ಲಿ ಟ್ರಂಕ್ ಎಂದರೆ ಟ್ಯಾಗುಳ್ಳ ಫ್ರೇಮುಗಳ ಹಾದಿ; ಎಚ್‌ಪಿ ಪ್ರೋಕರ್ವ್ ಸ್ವಿಚ್ಚುಗಳಲ್ಲಿ ಅದೇ ಪದಕ್ಕೆ ಹಲವು ಕೇಬಲ್‌ಗಳನ್ನು ಒಂದಾಗಿ ಹೆಣೆಯುವುದು ಎಂಬ ಅರ್ಥವಿದೆ. ಸೀಮೆ ಬದಲಾದರೆ ಪದದ ಅರ್ಥ ಬದಲಾಗುವುದು ಜಾನಪದ ವಿದ್ವಾಂಸರಿಗೆ ಹೊಸತಲ್ಲ.

ಹೆಚ್ಚಿನ ಅಪಾಯವಿರುವುದು ನೇಟಿವ್ ವಿ-ಲ್ಯಾನ್ ಎಂಬ ಅಂಶದಲ್ಲಿ. ಟ್ರಂಕ್ ಹಾದಿಯಲ್ಲಿ ಒಂದು ಗುಂಪಿನ ಫ್ರೇಮುಗಳು ಟ್ಯಾಗ್ ಇಲ್ಲದೆಯೇ ಸಾಗುತ್ತವೆ. ಸಿಸ್ಕೋ ಸ್ವಿಚ್ಚುಗಳಲ್ಲಿ ಬದಲಾಯಿಸದ ಹೊರತು ಅದು ಸಂಖ್ಯೆ 1. ಒಂದು ತುದಿಯಲ್ಲಿ ಇದನ್ನು 30 ಎಂದೂ ಇನ್ನೊಂದು ತುದಿಯಲ್ಲಿ 20 ಎಂದೂ ಬರೆದರೆ, ಭಂಡಾರದಿಂದ ಟ್ಯಾಗಿಲ್ಲದೆ ಹೊರಟ ಫ್ರೇಮನ್ನು ಎದುರಿನ ಸ್ವಿಚ್ ವಾಚನಾಲಯದ್ದೆಂದೇ ಸ್ವೀಕರಿಸುತ್ತದೆ. ಕೆಲವು ಸ್ವಿಚ್ಚುಗಳು ಈ ವ್ಯತ್ಯಾಸವನ್ನು ಕಂಡುಹಿಡಿದು ಎಚ್ಚರಿಸುತ್ತವೆ, ಎಲ್ಲವೂ ಅಲ್ಲ. ಆದ್ದರಿಂದ ಯಾವ ಗಣಕವೂ ಇಲ್ಲದ ಒಂದು ಸಂಖ್ಯೆಯನ್ನು ಎರಡೂ ತುದಿಗಳಲ್ಲಿ ನೇಟಿವ್ ಎಂದು ಇರಿಸುವುದು ಯುಕ್ತ.

ಟ್ಯಾಗ್ ಗುರುತಿಸುತ್ತದೆಯೇ ಹೊರತು ಗೂಢಲಿಪಿಯನ್ನಾಗಿಸುವುದಿಲ್ಲ. ಗುಂಪುಗಳ ನಡುವೆ ರೂಟರ್ ಇದ್ದು, ಅದರಲ್ಲಿ ನಿರ್ಬಂಧದ ನಿಯಮ ಬರೆಯದಿದ್ದರೆ 20ರಿಂದ 30ಕ್ಕೆ ದಾರಿ ತೆರೆದೇ ಇರುತ್ತದೆ. ವಾಚನಾಲಯದ ಗಣಕವೊಂದರಿಂದಲೇ ಭಂಡಾರವನ್ನು ತಲುಪಲು ಯತ್ನಿಸಿ, ಅದು ಸಾಧ್ಯವಾಗದೆಂದು ಖಚಿತಪಡಿಸಿಕೊಂಡ ಮೇಲೆ ಸಂರಚನೆಯನ್ನು ಉಳಿಸಬೇಕು. ಉಳಿಸದಿದ್ದಲ್ಲಿ ಅನೇಕ ಸ್ವಿಚ್ಚುಗಳು ವಿದ್ಯುತ್ ಹೋಗಿ ಬಂದೊಡನೆ ಹಳೆಯ ಸ್ಥಿತಿಗೆ ಮರಳುತ್ತವೆ.