ಕಾಲು ಸುತ್ತು ತಿರುಗಿದ ಗೆರೆ

ಪಿಯುಸಿ ವಿಜ್ಞಾನ ಓದುವ ಮಕ್ಕಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ: ‘ಎಂ ಒನ್ ಎಂ ಟು ಈಕ್ವಲ್ಸ್ ಮೈನಸ್ ಒನ್.’ ಎರಡು ಗೆರೆಗಳು ಒಂದಕ್ಕೊಂದು ಲಂಬವಾಗಿದ್ದರೆ ಅವುಗಳ ಇಳಿಜಾರುಗಳ ಗುಣಲಬ್ಧ ಮೈನಸ್ ಒಂದು. ಮಗ್ಗಿಯ ಹಾಗೆ ಬಾಯಿಗೆ ಬಂದಿರುತ್ತದೆ. ಆದರೆ ಆ ಮೈನಸ್ ಎಲ್ಲಿಂದ ಬಂತು, ಭಿನ್ನರಾಶಿ ಯಾಕೆ ತಲೆಕೆಳಗಾಯಿತು ಎಂದು ಕೇಳಿ ನೋಡಿ, ಇಡೀ ತರಗತಿ ಸುಮ್ಮನಾಗುತ್ತದೆ. ಅದು ಮಕ್ಕಳ ತಪ್ಪಲ್ಲ. ಅದನ್ನು ಕಣ್ಣಾರೆ ಕಾಣುವಂತೆ ಯಾರೂ ಅವರಿಗೆ ತೋರಿಸಿಲ್ಲ, ಅಷ್ಟೇ.

ತೋರಿಸಲು ಒಂದು ಗ್ರಾಫ್ ಹಾಳೆ, ಒಂದು ಬಟರ್ ಪೇಪರ್, ಒಂದು ಗುಂಡುಸೂಜಿ ಸಾಕು. ಮೂಲಬಿಂದುವಿನಿಂದ ಬಲಕ್ಕೆ 4 ಮನೆ, ಅಲ್ಲಿಂದ ಮೇಲಕ್ಕೆ 3 ಮನೆ ಎಣಿಸಿ ಚುಕ್ಕೆ ಇಡಿ. ಮೂಲಬಿಂದುವಿನಿಂದ ಆ ಚುಕ್ಕೆಗೆ ಗೆರೆ ಎಳೆಯಿರಿ. ನಾಲ್ಕು ಹೆಜ್ಜೆ ಮುಂದೆ ಹೋದರೆ ಮೂರು ಹೆಜ್ಜೆ ಏರು, ಅಂದರೆ ಇಳಿಜಾರು 3/4. ಗಾರೆಯವರು ತಾರಸಿಗೆ ‘ವಾಟ’ ಕೊಡುವುದು ಎನ್ನುತ್ತಾರಲ್ಲ, ಅದೇ ಲೆಕ್ಕ. ಈಗ ಬಟರ್ ಪೇಪರ್ ಮೇಲಿಟ್ಟು ಆ ಗೆರೆಯನ್ನೂ ಅದರ ಕೆಳಗಿನ ತ್ರಿಕೋನವನ್ನೂ ನಕಲು ಮಾಡಿ. ಮೂಲಬಿಂದುವಿಗೆ ಸೂಜಿ ಚುಚ್ಚಿ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ. ಬಲಕ್ಕೆ ಮಲಗಿದ್ದ 4 ಎದ್ದು ನಿಂತಿತು. ನೆಟ್ಟಗೆ ನಿಂತಿದ್ದ 3 ಎಡಕ್ಕೆ ಮಲಗಿತು. (4, 3)ರಲ್ಲಿದ್ದ ಚುಕ್ಕೆ ಈಗ (−3, 4)ರಲ್ಲಿದೆ. ಹೊಸ ಗೆರೆಯ ಇಳಿಜಾರು −4/3. ಮಲಗಿದ್ದದ್ದು ಎದ್ದು, ಎದ್ದಿದ್ದದ್ದು ಮಲಗಿದ್ದರಿಂದ ಭಿನ್ನರಾಶಿ ತಲೆಕೆಳಗಾಯಿತು. ಮಲಗಿದ್ದು ಎಡಕ್ಕೆ, ಹಾಗಾಗಿ ಮೈನಸ್.

ಇಲ್ಲೊಂದು ಎಚ್ಚರ ಬೇಕು. ಎರಡೂ ಅಕ್ಷಗಳ ಅಳತೆ ಒಂದೇ ಇರಬೇಕು. ಅಡ್ಡಕ್ಕೆ ಸೆಂಟಿಮೀಟರಿಗೆ 1 ಮಾನ, ಉದ್ದಕ್ಕೆ ಸೆಂಟಿಮೀಟರಿಗೆ 5 ಮಾನ ಎಂದು ಹಾಕಿಕೊಂಡರೆ ಲಂಬರೇಖೆಗಳು ಹಾಳೆಯ ಮೇಲೆ ಓರೆಯಾಗಿ ಕಾಣುತ್ತವೆ. ಸರಿಯಾದ ಉತ್ತರ ಬರೆದು, ಚಿತ್ರ ನೋಡಿ ಗಾಬರಿಯಾಗಿ, ಅದನ್ನೇ ಹೊಡೆದು ಹಾಕಿದ ಮಕ್ಕಳನ್ನು ಕಂಡಿದ್ದೇನೆ. ತುಂಬಾ ಬೇಸರವಾಗುತ್ತದೆ.

ಗೆರೆಯನ್ನು ಸಮೀಕರಣವಾಗಿ ಬರೆಯುವ ದಾರಿ ತೆರೆದವರಲ್ಲಿ ಫ್ರಾನ್ಸಿನ ರೆನೆ ಡೆಕಾರ್ಟ್ ಒಬ್ಬ. 1637ರಲ್ಲಿ ಬಂದ ಅವನ ‘ಲಾ ಜಿಯೊಮೆಟ್ರಿ’ಯಲ್ಲಿ ಇಂದು ನಾವು ಬರೆಯುವಂಥ ಸಿದ್ಧ ಅಕ್ಷಗಳ ಜೋಡಿ ಇಲ್ಲ. ಋಣಾತ್ಮಕ ಮೂಲಗಳನ್ನು ಅವನು ‘ಸುಳ್ಳು’ ಮೂಲಗಳೆಂದೇ ಕರೆದ. ಹೀಗಿದ್ದೂ ವಕ್ರರೇಖೆಯೊಂದಕ್ಕೆ ಅದರ ಯಾವುದೇ ಬಿಂದುವಿನಲ್ಲಿ ಲಂಬ ಎಳೆಯುವುದು ಹೇಗೆ ಎಂಬುದು, ತಾನು ತಿಳಿಯಬಯಸಿದ ರೇಖಾಗಣಿತದ ಸಮಸ್ಯೆಗಳಲ್ಲೆಲ್ಲ ಅತ್ಯಂತ ಉಪಯುಕ್ತವಾದದ್ದು, ವ್ಯಾಪಕವಾದದ್ದು ಎಂದು ಬರೆದ. ವಕ್ರರೇಖೆಯನ್ನು ಎರಡು ಕಡೆ ಕತ್ತರಿಸುವ ವೃತ್ತವೊಂದನ್ನು ಇಟ್ಟುಕೊಂಡು, ಆ ಎರಡು ಬಿಂದುಗಳು ಒಂದೇ ಆಗುವ ಹಾಗೆ ಮಾಡಿದ. ಅಲ್ಲಿಗೆ ಬರುವ ತ್ರಿಜ್ಯವೇ ಲಂಬ. ಇದರ ಮೇಲೆ ಅವನಿಗೆ ಅಷ್ಟು ಆಸೆ ಇದ್ದದ್ದು ಸುಮ್ಮನೆ ಅಲ್ಲ. ಅದೇ ಸಂಪುಟದಲ್ಲಿ ಬೆಳಕಿನ ಬಗ್ಗೆ, ಮಸೂರಗಳ ಬಗ್ಗೆ ಅವನ ಇನ್ನೊಂದು ಪ್ರಬಂಧವಿತ್ತು. ಗಾಜಿನೊಳಗೆ ಹೊಕ್ಕ ಕಿರಣ ಎಷ್ಟು ಬಾಗಿತು ಎಂದು ಅಳೆಯುವುದು ಗಾಜಿನ ಮೈಗೆ ಎಳೆದ ಲಂಬದಿಂದಲೇ.

ನಮಗೆ ಅಷ್ಟು ಕಷ್ಟವಿಲ್ಲ, ಗೆರೆಗಳು ನೇರವಾಗಿವೆ. ರಸ್ತೆಯ ಪಕ್ಕ ನೀರಿನ ಪೈಪ್ ಹೋಗಿದೆ ಎನ್ನೋಣ; ಅದರ ಸಮೀಕರಣ 3ಎಕ್ಸ್ − 4ವೈ = 0. ಮನೆ ಇರುವುದು (1, 7)ರಲ್ಲಿ, ಒಂದೊಂದು ಮಾನವೂ 10 ಮೀಟರ್. ಅತಿ ಕಡಿಮೆ ಪೈಪಿನಲ್ಲಿ ನೀರು ತರಬೇಕೆಂದರೆ ಲಂಬವಾಗಿ ಎಳೆಯಬೇಕು. ರಸ್ತೆಯ ಇಳಿಜಾರು 3/4, ಆದ್ದರಿಂದ ನಮ್ಮದು −4/3. ಅದು ಮನೆಯ ಮೂಲಕ ಹಾಯಬೇಕು: ವೈ − 7 = −4/3 (ಎಕ್ಸ್ − 1). ಬಿಡಿಸಿದರೆ 4ಎಕ್ಸ್ + 3ವೈ = 25. ಎರಡೂ ಗೆರೆಗಳು ಸೇರುವುದು (4, 3)ರಲ್ಲಿ. ಮನೆಯಿಂದ ಅಲ್ಲಿಗೆ ಬಲಕ್ಕೆ 3, ಕೆಳಕ್ಕೆ 4, ನೇರವಾಗಿ 5. ಐವತ್ತು ಮೀಟರ್ ಪೈಪ್ ಸಾಕು. ಪಾಯ ಗುರುತು ಮಾಡುವಾಗ ಮೇಸ್ತ್ರಿ ದಾರದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಅಳೆದು, ಓರೆ 5 ಅಡಿ ಬಂದರೆ ಮೂಲೆ ಸರಿ ಎನ್ನುವುದೂ ಈ ಮೂರೇ ಸಂಖ್ಯೆಗಳಿಂದ.

ಈ ಎರಡು ಸಮೀಕರಣಗಳನ್ನು ಒಂದರ ಕೆಳಗೊಂದು ಬರೆದು ನೋಡಿ. 3, −4 ಇದ್ದದ್ದು 4, 3 ಆಗಿದೆ. ಸಹಗುಣಕಗಳು ಜಾಗ ಬದಲಿಸಿಕೊಂಡಿವೆ, ಒಂದರ ಚಿಹ್ನೆ ಬದಲಾಗಿದೆ. ಇಳಿಜಾರಿನ ಸೂತ್ರಕ್ಕಿಂತ ನನಗೆ ಇದರ ಮೇಲೆಯೇ ಹೆಚ್ಚು ನಂಬಿಕೆ. ಯಾಕೆಂದರೆ ಎಕ್ಸ್ = 5 ಎಂಬ ನೆಟ್ಟನೆಯ ಗೆರೆಗೆ ಇಳಿಜಾರೇ ಇಲ್ಲ; ಅಲ್ಲಿ ಎಂ ಒನ್ ಎಂದು ಬರೆಯಲು ಏನೂ ಸಿಗದೆ ಪೆನ್ನು ನಿಂತುಬಿಡುತ್ತದೆ. ಸಹಗುಣಕ ಬದಲಿಸಿದರೆ ತೊಂದರೆಯಿಲ್ಲ: 1 ಮತ್ತು 0 ಹೋಗಿ 0 ಮತ್ತು 1 ಬರುತ್ತವೆ. ಬಟರ್ ಪೇಪರಿನಲ್ಲಿ ಆ ಗೆರೆಯನ್ನೂ ನಕಲು ಮಾಡಿ, (5, 2)ಕ್ಕೆ ಸೂಜಿ ಚುಚ್ಚಿ, ಕಾಲು ಸುತ್ತು ತಿರುಗಿಸಿ. ಗೆರೆ ವೈ = 2 ಆಗಿ ನೆಮ್ಮದಿಯಾಗಿ ಮಲಗುತ್ತದೆ.