ನೀರಲ್ಲಿ ಮುಳುಗಿದರೆ ಬೀಟೆ, ಕಹಿಯಾದರೆ ಬೇವು? ಮರದ ಸೌಟು ಯಾವ ಮರದ್ದೆಂದು ತಿಳಿಯುವುದು ಹೇಗೆ?

ನಾನ್‌ಸ್ಟಿಕ್ ಬಾಣಲೆಗೆ ಗೀರು ಬೀಳಬಾರದು, ಪ್ಲಾಸ್ಟಿಕ್ ಬೇಡ ಎಂಬ ಕಾರಣಗಳಿಗೆ ಮರದ ಸೌಟು, ಸಟ್ಟುಗಗಳು ಮತ್ತೆ ಅಡುಗೆಮನೆಗೆ ಬಂದಿವೆ. ಜಾತ್ರೆಯಲ್ಲಿ, ಮೇಳದಲ್ಲಿ, ಆನ್‌ಲೈನ್‌ನಲ್ಲಿ ಎಲ್ಲ ಕಡೆಯೂ ಸಿಗುತ್ತವೆ. ಮಾರುವವರು ಬೇವು, ಬೀಟೆ, ತೇಗ, ಹೊನ್ನೆ ಎಂದು ಒಂದೊಂದು ಹೆಸರು ಹೇಳುತ್ತಾರೆ. ಹೆಸರಿಗೆ ತಕ್ಕಂತೆ ಬೆಲೆಯೂ ಇರುತ್ತದೆ. ಹಾಗಾದರೆ ಅದು ನಿಜವಾಗಿಯೂ ಅದೇ ಮರವೇ?

ಇದಕ್ಕೆ ಉತ್ತರವೆಂದು ಹಲವು ಉಪಾಯಗಳು ಬಾಯಿಂದ ಬಾಯಿಗೆ, ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತವೆ. ಮುಖ್ಯವಾದವು ಮೂರು:

1. ನೀರಿನಲ್ಲಿ ಮುಳುಗಿದರೆ ಅಸಲಿ ಬೀಟೆ, ತೇಲಿದರೆ ನಕಲಿ.
2. ನೆಕ್ಕಿದಾಗ ಕಹಿಯಾದರೆ ಅಸಲಿ ಬೇವು.
3. ನೀರಿಗೆ ಬಣ್ಣ ಬಿಟ್ಟರೆ ಅಸಲಿ ಹೊನ್ನೆ. ಆ ನೀರು ಕುಡಿದರೆ ಶುಗರ್ ಹತೋಟಿಗೆ ಬರುತ್ತದೆ.

ಚುಟುಕಾಗಿ ಹೇಳುವುದಾದರೆ, ಈ ಮೂರರಲ್ಲಿ ಯಾವುದೂ ಮರದ ಜಾತಿಯನ್ನು ಖಚಿತಪಡಿಸುವುದಿಲ್ಲ. ಮೊದಲನೆಯದನ್ನು ನಂಬಿದರೆ ಒಳ್ಳೆಯ ಸೌಟನ್ನೇ ನಕಲಿ ಎಂದು ಎಸೆಯಬೇಕಾಗುತ್ತದೆ. ಮೂರನೆಯದನ್ನು ನಂಬಿ ಮಾತ್ರೆ ಬಿಟ್ಟರೆ ಆರೋಗ್ಯಕ್ಕೇ ಅಪಾಯ. ಒಂದೊಂದಾಗಿ ನೋಡೋಣ.

ಮುಳುಗುವುದು, ತೇಲುವುದು ಏನನ್ನು ಹೇಳುತ್ತದೆ?

ಮರ ಯಾವುದೇ ಇರಲಿ, ಅದರ ಜೀವಕೋಶಗಳ ಗೋಡೆ ಮಾಡಲ್ಪಟ್ಟಿರುವ ವಸ್ತುವಿನ ಸಾಂದ್ರತೆ ಹೆಚ್ಚೂ ಕಡಿಮೆ ಒಂದೇ. ಒಂದು ಘನ ಸೆಂಟಿಮೀಟರ್‌ಗೆ ಸುಮಾರು 1.5 ಗ್ರಾಂ. ಅದು ನೀರಿಗಿಂತ ಭಾರ. ಆದರೂ ಮರ ತೇಲುವುದು ಆ ಕೋಶಗಳ ಒಳಗೆ ಗಾಳಿ ತುಂಬಿರುವುದರಿಂದ. ಗೋಡೆ ತೆಳ್ಳಗಿದ್ದು ಗಾಳಿ ಹೆಚ್ಚಿದ್ದರೆ ಮರ ಹಗುರ, ಗೋಡೆ ದಪ್ಪಗಿದ್ದರೆ ಭಾರ.

ಒಣಗಿದ ತೇಗದ ಸಾಂದ್ರತೆ ಸುಮಾರು 0.65. ಬೀಟೆಯದು ಸುಮಾರು 0.85. ಅಂದರೆ ಚೆನ್ನಾಗಿ ಒಣಗಿದ ಅಸಲಿ ಬೀಟೆ ಸೌಟು ಸಾಮಾನ್ಯವಾಗಿ ನೀರಿನಲ್ಲಿ ತೇಲುತ್ತದೆ! ರಕ್ತಚಂದನದಂತಹ ಕೆಲವೇ ಮರಗಳ ಕೆಚ್ಚು ಒಣಗಿದ ಮೇಲೂ ನೀರಿಗಿಂತ ಭಾರವಾಗಿದ್ದು ಮುಳುಗುತ್ತದೆ. ಇನ್ನೊಂದು ಕಡೆ, ಯಾವ ಮರವನ್ನಾದರೂ ಬಹಳ ದಿನ ನೀರಿನಲ್ಲಿ ಬಿಟ್ಟರೆ ಕೋಶಗಳ ಗಾಳಿ ಹೋಗಿ ನೀರು ತುಂಬಿ ಅದು ಮುಳುಗಬಹುದು. ಕೆರೆಯ ತಳದಲ್ಲಿ ಹಳೆಯ ದಿಮ್ಮಿಗಳು ಸಿಗುವುದು ಹೀಗೆಯೇ.

ಆದ್ದರಿಂದ ಬಕೆಟ್ ಪರೀಕ್ಷೆಯಿಂದ ತಿಳಿಯುವುದು ಆ ಹೊತ್ತಿನಲ್ಲಿ ಆ ತುಂಡು ನೀರಿಗಿಂತ ಭಾರವೋ ಹಗುರವೋ ಎಂಬುದು ಮಾತ್ರ.

ಕಹಿ ಇದ್ದರೆ ಬೇವೇ?

ಬೇವಿನ ಎಲೆ, ಬೀಜ, ತೊಗಟೆ ಕಹಿ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಕಾರಣ ಲಿಮೊನಾಯ್ಡ್ ಎಂಬ ಗುಂಪಿನ ರಾಸಾಯನಿಕಗಳು. ಆದರೆ ಸೌಟು ಮಾಡುವುದು ಎಲೆಯಿಂದಲ್ಲ, ಮರದಿಂದ. ಹತ್ತಾರು ಸಲ ತೊಳೆದು, ಬಿಸಿ ಸಾರಿನಲ್ಲಿ ಆಡಿಸಿ, ಎಣ್ಣೆ ಸವರಿದ ಸೌಟಿನ ಮೇಲ್ಮೈಯಲ್ಲಿ ರುಚಿ ಉಳಿದಿರಬೇಕೆಂದೇನೂ ಇಲ್ಲ. ಹಾಗಾಗಿ ಕಹಿ ಇಲ್ಲದಿದ್ದರೆ ಬೇವಲ್ಲ ಎನ್ನಲಾಗದು.

ಕಹಿ ಇದ್ದರೆ ಬೇವು ಎನ್ನುವುದೂ ತಪ್ಪೇ. ಕಹಿಯಾದ ಗಿಡಮರಗಳು ನಮ್ಮಲ್ಲಿ ಬಹಳ ಇವೆ. ಕಾಸರಕದ ಬೀಜ, ತೊಗಟೆಗಳೂ ಕಹಿ. ಆ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. ಆದ್ದರಿಂದ ಗುರುತಿಲ್ಲದ ಮರದ ಚೂರನ್ನು ಬಾಯಿಗಿಟ್ಟು ಪರೀಕ್ಷಿಸುವ ಅಭ್ಯಾಸವೇ ಒಳ್ಳೆಯದಲ್ಲ.

ಹೆಸರಿನ ಗೊಂದಲವೂ ಇದೆ. ರೈತರು ತೋಟಗಳಲ್ಲಿ ವ್ಯಾಪಕವಾಗಿ ಬೆಳೆಸುತ್ತಿರುವ ಹೆಬ್ಬೇವು ಬೇವಿನ ಕುಟುಂಬಕ್ಕೇ ಸೇರಿದ್ದರೂ ಬೇರೆ ಜಾತಿಯ ಮರ. ಬೇವಿಗಿಂತ ಹಗುರ. ಹೆಸರಿನಲ್ಲಿ ‘ಬೇವು’ ಇದೆ ಎಂದ ಮಾತ್ರಕ್ಕೆ ಎರಡೂ ಒಂದಲ್ಲ.

‘ಬೇವಿನ ಸೌಟು ರೋಗಾಣುಗಳನ್ನು ಕೊಲ್ಲುತ್ತದೆ’ ಎಂಬ ಮಾತನ್ನೂ ಎಚ್ಚರಿಕೆಯಿಂದ ನೋಡಬೇಕು. ಬೇವಿನ ಎಲೆ ಅಥವಾ ಬೀಜದ ಸಾರವನ್ನು ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಮೇಲೆ ಪರೀಕ್ಷಿಸುವುದು ಬೇರೆ, ಒಣಮರದ ಸೌಟು ಪಲ್ಯ ತಿರುವುವುದು ಬೇರೆ. ಬೇವಿನದಾದರೂ ಸೌಟನ್ನು ತೊಳೆದು ಒಣಗಿಸಲೇಬೇಕು.

ಬಣ್ಣ ಬಿಡುವ ನೀರು: 450 ವರ್ಷಗಳ ಹಳೆಯ ಗೊಂದಲ

ಹೊನ್ನೆ ಮರದ ಲೋಟದಲ್ಲಿ ನೀರಿಟ್ಟರೆ ಅದು ಹೊಂಬಣ್ಣಕ್ಕೆ ತಿರುಗುತ್ತದೆ. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಹೊಳಪೂ ಕಾಣಬಹುದು. ಇದು ಮೋಸವಲ್ಲ, ಪ್ರತಿದೀಪ್ತಿ ಎಂಬ ಭೌತಿಕ ಕ್ರಿಯೆ. ಮರದಿಂದ ನೀರಿಗೆ ಇಳಿದ ವಸ್ತು ಬಿಸಿಲಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು ನೀಲಿ ಬೆಳಕಾಗಿ ಹೊರಬಿಡುತ್ತದೆ.

ಆದರೆ ಈ ಹೊಳಪು ಹೊನ್ನೆಯೊಂದರದೇ ಸೊತ್ತಲ್ಲ. 1565ರಲ್ಲಿ ಸ್ಪೇನಿನ ವೈದ್ಯ ನಿಕೊಲಾಸ್ ಮೊನಾರ್ಡೆಸ್, ಮೆಕ್ಸಿಕೊದಿಂದ ಬಂದ ಒಂದು ಮರ ನೀರಿಗೆ ನೀಲಿ ಹೊಳಪು ಕೊಡುತ್ತದೆ ಎಂದು ಬರೆದ. ಯುರೋಪಿನಲ್ಲಿ ಅದನ್ನು ಮೂತ್ರಪಿಂಡದ ಕಾಯಿಲೆಗೆ ಮದ್ದೆಂದು ಬಳಸಿದರು. ಹಾಗೆಯೇ ಹೊಳೆಯುವ ನೀರು ಕೊಡುವ ಮರದ ಬಟ್ಟಲುಗಳು ಫಿಲಿಪ್ಪೀನ್ಸ್‌ನಿಂದಲೂ ಬರುತ್ತಿದ್ದವು. ಎರಡೂ ಒಂದೇ ಮರ ಎಂದು ಜನ ನೂರಾರು ವರ್ಷ ನಂಬಿದ್ದರು. 1915ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ವಿಲಿಯಂ ಸ್ಯಾಫರ್ಡ್, ಇವು ಎರಡು ಬೇರೆ ಬೇರೆ ಮರಗಳು ಎಂದು ಬಿಡಿಸಿ ತೋರಿಸಿದರು. ಫಿಲಿಪ್ಪೀನ್ಸ್‌ನ ಮರ ನಮ್ಮ ಹೊನ್ನೆಯ ಹತ್ತಿರದ ಸಂಬಂಧಿ. ಮೆಕ್ಸಿಕೊದ ಮರ ಬೇರೆಯೇ ಪಂಗಡದ್ದು. ನೀರಿನ ಪರೀಕ್ಷೆಯಲ್ಲಿ ಎರಡೂ ಪಾಸು!

ಹಲಸಿನ ಕೆಚ್ಚೂ ಹಳದಿ ಬಣ್ಣ ಬಿಡುತ್ತದೆ. ಬೌದ್ಧ ಭಿಕ್ಷುಗಳ ಚೀವರಕ್ಕೆ ಅದರಿಂದಲೇ ಬಣ್ಣ ಹಾಕುವ ಪದ್ಧತಿ ಇದೆ. ಅಗ್ಗದ ಮರಕ್ಕೆ ಬಳಿದ ಬಣ್ಣವೂ ನೀರಿಗೆ ಇಳಿಯುತ್ತದೆ. ಹೀಗಾಗಿ ‘ಬಣ್ಣ ಬಿಟ್ಟಿತು, ಅಸಲಿ’ ಎನ್ನಲೂ ಆಗದು, ‘ಬಣ್ಣ ಬಿಟ್ಟಿತು, ನಕಲಿ’ ಎನ್ನಲೂ ಆಗದು.

ಇನ್ನು ಶುಗರ್ ವಿಚಾರ. ಹೊನ್ನೆ ಅಥವಾ ವಿಜಯಸಾರದ ಬಗ್ಗೆ ಸಂಶೋಧನೆ ನಡೆದಿರುವುದು ನಿಜ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಒಂದು ಅಧ್ಯಯನ 1998ರಲ್ಲಿ ಪ್ರಕಟವಾಗಿ ಆಶಾದಾಯಕ ಫಲಿತಾಂಶ ಕೊಟ್ಟಿತ್ತು. ಆದರೆ ಅಲ್ಲಿ ಕೊಟ್ಟಿದ್ದು ಗುರುತು ಖಚಿತವಾದ ಮರದ, ಅಳತೆ ಮಾಡಿದ ಔಷಧ. ಕೊಟ್ಟಿದ್ದು ಆಗಷ್ಟೇ ಸಕ್ಕರೆ ಕಾಯಿಲೆ ಪತ್ತೆಯಾದವರಿಗೆ, ವೈದ್ಯರ ನಿಗಾದಲ್ಲಿ. ಯಾವ ಮರದ್ದೆಂದೇ ಗೊತ್ತಿಲ್ಲದ, ಎಷ್ಟು ಅಂಶ ಬಿಡುತ್ತದೆ ಎಂಬ ಲೆಕ್ಕವಿಲ್ಲದ ಲೋಟ, ಸೌಟುಗಳಿಗೆ ಆ ಫಲಿತಾಂಶ ಅನ್ವಯಿಸುವುದಿಲ್ಲ. ಇವನ್ನು ನಂಬಿ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸಬೇಡಿ. ಈಗಾಗಲೇ ಇಂಥ ನೀರು ಕುಡಿಯುತ್ತಿದ್ದರೆ ನಿಮ್ಮ ವೈದ್ಯರಿಗೆ ತಿಳಿಸಿ.

ಹಾಗಾದರೆ ಗುರುತಿಸುವುದು ಹೇಗೆ?

ಮರ ಬಲ್ಲವರು ಮೊದಲು ನೋಡುವುದು ಸೌಟಿನ ಹಿಡಿಯ ತುದಿಯನ್ನು. ಅಲ್ಲಿ ಎಳೆಗಳು ಅಡ್ಡಕ್ಕೆ ಕತ್ತರಿಸಿರುತ್ತವೆ. ನೀರು ಸಾಗಿಸುತ್ತಿದ್ದ ಕೊಳವೆಗಳು ಅಲ್ಲಿ ಪುಟ್ಟ ರಂಧ್ರಗಳಾಗಿ ಕಾಣುತ್ತವೆ. ಬಣ್ಣ ಬದಲಾಗುತ್ತದೆ, ವಾಸನೆ ಹೋಗುತ್ತದೆ, ಆದರೆ ಈ ರಂಧ್ರಗಳ ಜೋಡಣೆ ಹಾಗೇ ಉಳಿಯುತ್ತದೆ.

ತುದಿಯನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಸ್ವಲ್ಪ ಒದ್ದೆ ಮಾಡಿ, 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್‌ನಲ್ಲಿ ನೋಡಿ. ಮೊಬೈಲ್‌ನ ಮ್ಯಾಕ್ರೋ ಕ್ಯಾಮೆರಾ ಕೂಡ ಆಗುತ್ತದೆ.

- ತೆಂಗು: ಉಂಗುರಗಳೇ ಇಲ್ಲ. ತಿಳಿ ಬಣ್ಣದ ನಡುವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು. ಉದ್ದಕ್ಕೆ ನೋಡಿದರೆ ಅವೇ ಗೆರೆಗಳು. ತಾಳೆಯೂ ಹೀಗೆಯೇ ಇರುತ್ತದೆ.
- ಬಿದಿರು: ಇಲ್ಲೂ ಚುಕ್ಕೆಗಳೇ, ಆದರೆ ಹೊರಮೈ ಕಡೆಗೆ ಹೋದಂತೆ ಒತ್ತೊತ್ತಾಗಿರುತ್ತವೆ. ಬಿದಿರು ಮರವಲ್ಲ, ಹುಲ್ಲಿನ ಜಾತಿ.
- ತೇಗ: ಪ್ರತಿ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲು. ಮುಟ್ಟಿದರೆ ಎಣ್ಣೆ ಸವರಿದಂತೆ, ಹೊಸದಾಗಿ ಉಜ್ಜಿದಾಗ ಹಳೆಯ ಚರ್ಮದಂತಹ ವಾಸನೆ.
- ಬೇವು: ರಂಧ್ರಗಳು ಎಲ್ಲ ಕಡೆ ಹರಡಿಕೊಂಡಿರುತ್ತವೆ. ಹೆಬ್ಬೇವಿನಲ್ಲಿ ತೇಗದಂತೆ ಉಂಗುರದ ಸಾಲು ಕಾಣುತ್ತದೆ. ಲೆನ್ಸ್ ಇದ್ದರೆ ಇವೆರಡರ ವ್ಯತ್ಯಾಸ ಹೇಳಬಹುದು.
- ಬೀಟೆ ಮತ್ತು ಶೀಶಮ್: ಕಂದು ಮೈಯಲ್ಲಿ ಕಪ್ಪು ಪಟ್ಟೆಗಳು. ಬೀಟೆಯಲ್ಲಿ ನೇರಳೆ ಛಾಯೆಯೂ ಇರುತ್ತದೆ. ರಂಧ್ರಗಳ ನಡುವೆ ತಿಳಿಬಣ್ಣದ ಸಣ್ಣ ಅಲೆಗೆರೆಗಳು.
- ಹಲಸು: ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕಂದು.
- ಹಾಲೆ: ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಮರ. ದಂತದಂತಹ ಬಿಳುಪು, ಬಹಳ ನಯ, ರಂಧ್ರಗಳು ಬರಿಗಣ್ಣಿಗೆ ಕಾಣುವುದಿಲ್ಲ.

ಇಷ್ಟು ನೋಡಿದರೂ ‘ಇದು ತೆಂಗಲ್ಲ, ತೇಗ ಇರಬಹುದು’ ಎನ್ನುವಷ್ಟು ಹೇಳಬಹುದೇ ಹೊರತು ‘ಇದು ಇಂಥದ್ದೇ ಜಾತಿ’ ಎಂದು ಆಣೆ ಮಾಡಲಾಗದು. ಮೇಲೆ ವಾರ್ನಿಷ್ ಅಥವಾ ಬಣ್ಣ ಬಳಿದಿದ್ದರೆ ಅದೂ ಕಷ್ಟ. ಜೊತೆಗೆ ಒಂದೇ ಮರದ ಒಳಗಿನ ಕೆಚ್ಚಿಗೂ ಹೊರಗಿನ ಬಿಳಿ ಭಾಗಕ್ಕೂ ಅಜಗಜಾಂತರ ವ್ಯತ್ಯಾಸ ಇರುತ್ತದೆ. ಒಂದೇ ದಿಮ್ಮಿಯಿಂದ ಕಪ್ಪು ಸೌಟೂ ಬಿಳಿ ಸೌಟೂ ಬರಬಹುದು.

ಫೋಟೊ ತೆಗೆದು ಆ್ಯಪ್‌ಗೆ ಕೇಳಿದರೆ?

ಇಡೀ ಸೌಟಿನ ಫೋಟೊ ಹಾಕಿದರೆ ಇಮೇಜ್ ಸರ್ಚ್ ಸಾಮಾನ್ಯವಾಗಿ ನೋಡಲು ಅಂಥದ್ದೇ ಇರುವ ಬೇರೆ ಸೌಟುಗಳನ್ನು ತೋರಿಸುತ್ತದೆ. ಅಲ್ಲಿ ಮಾರುವವರು ಬರೆದ ಹೆಸರೇ ನಿಮಗೆ ಉತ್ತರವಾಗಿ ಬರುತ್ತದೆ. ಚಿತ್ರ ನೋಡಿ ಮರ ಗುರುತಿಸುವ ತಂತ್ರಜ್ಞಾನ ಇಲ್ಲವೆಂದಲ್ಲ. ಅಮೆರಿಕದ ಅರಣ್ಯ ಉತ್ಪನ್ನ ಪ್ರಯೋಗಾಲಯ ‘ಕ್ಸೈಲೋಟ್ರಾನ್’ ಎಂಬ ಸಾಧನ ರೂಪಿಸಿದೆ. ಆದರೆ ಅದಕ್ಕೂ ಬೇಕಾಗಿರುವುದು ನಯವಾಗಿ ಕತ್ತರಿಸಿದ ತುದಿಯ ದೊಡ್ಡದು ಮಾಡಿದ ಚಿತ್ರ. ತನಗೆ ಕಲಿಸಿಕೊಟ್ಟ ಮರಗಳನ್ನು ಮಾತ್ರ ಅದು ಗುರುತಿಸಬಲ್ಲದು.

ಖಚಿತ ಉತ್ತರ ಬೇಕಾದರೆ ತೆಳುವಾದ ಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ, ಈಗಾಗಲೇ ಗುರುತಾದ ಮಾದರಿಗಳೊಂದಿಗೆ ಹೋಲಿಸಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ (ಐಡಬ್ಲ್ಯುಎಸ್‌ಟಿ) ಇಂಥ ಮಾದರಿಗಳ ಸಂಗ್ರಹವಿದೆ, ಮರ ಗುರುತಿಸಿಕೊಡುವ ಸೇವೆಯೂ ಇದೆ. ಅಲ್ಲಿಯೂ ಮರದ ತುಂಡು ಕೊಡಬೇಕು, ಫೋಟೊ ಸಾಲದು. ಹತ್ತಿರದ ಸಂಬಂಧಿ ಮರಗಳಾದರೆ ಸೂಕ್ಷ್ಮದರ್ಶಕವೂ ಎಷ್ಟೋ ಸಲ ಕುಲದವರೆಗೆ ಮಾತ್ರ ಹೇಳುತ್ತದೆ. ಆಗ ರಾಸಾಯನಿಕ ವಿಶ್ಲೇಷಣೆ ಅಥವಾ ಡಿಎನ್‌ಎ ಪರೀಕ್ಷೆಯ ಮೊರೆ ಹೋಗುತ್ತಾರೆ. ಬೀಟೆ, ಶೀಶಮ್ ಸೇರಿದಂತೆ ಡಾಲ್ಬರ್ಜಿಯಾ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರ ಜನವರಿಯಿಂದ ‘ಸೈಟಿಸ್’ ಒಪ್ಪಂದದ ನಿಯಂತ್ರಣದಲ್ಲಿದೆ. ರಫ್ತುದಾರರಿಗೆ ಮರದ ಹೆಸರು ಅಷ್ಟು ಮುಖ್ಯವಾಗುವುದು ಇದಕ್ಕೇ.

ಕೊಳ್ಳುವಾಗ ಏನು ನೋಡಬೇಕು?

ಒಂದು ಸೌಟಿಗಾಗಿ ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಅಡುಗೆಗೆ ಹೆಸರಿಗಿಂತ ಈ ಅಂಶಗಳು ಮುಖ್ಯ:

- ಯಾವ ಮರ, ಮೇಲೆ ಏನು ಬಳಿದಿದ್ದೀರಿ ಎಂದು ಮಾಡಿದವರನ್ನೇ ಕೇಳಿ. ‘ಗೊತ್ತಿಲ್ಲ’ ಎಂದರೆ ಬೇರೆ ಕಡೆ ನೋಡಿ. ಹಳೆಯ ಪೀಠೋಪಕರಣ, ಪ್ಯಾಕಿಂಗ್ ಪೆಟ್ಟಿಗೆಯ ಮರ ಅಡುಗೆಗೆ ಬೇಡ. ಅದಕ್ಕೆ ಯಾವ ರಾಸಾಯನಿಕ ಹಾಕಿದ್ದಾರೋ ತಿಳಿಯದು.
- ಬಣ್ಣ, ಫಳಫಳ ಪಾಲಿಶ್ ಇಲ್ಲದ್ದನ್ನು ಆರಿಸಿ. ಬಿಸಿನೀರಿನಲ್ಲಿ ತೊಳೆದಾಗ ಕಟುವಾದ ವಾಸನೆ ಬಂದರೆ ಬಳಸಬೇಡಿ.
- ಬಿರುಕು, ಗಂಟು ಇಲ್ಲದಿರಲಿ. ಬಿರುಕಿನಲ್ಲಿ ಅನ್ನದ ಅಂಶ ಕೂತು ಬೂಷ್ಟು ಹಿಡಿಯುತ್ತದೆ.
- ನೀರಿನಲ್ಲಿ ನೆನೆಯಲು ಬಿಡಬೇಡಿ. ತೊಳೆದ ಕೂಡಲೇ ಒರೆಸಿ, ಗಾಳಿಯಲ್ಲಿ ಒಣಗಿಸಿ.
- ಹೊಸ ಸೌಟು ಬಳಸಿದ ಮೇಲೆ ತುಟಿ, ಕೈಗಳಲ್ಲಿ ತುರಿಕೆ ಬಂದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಕೆಲವರಿಗೆ ಕೆಲವು ಮರಗಳು ಆಗಿಬರುವುದಿಲ್ಲ.

ಮುಂದಿನ ಸಲ ‘ಅಸಲಿ ಮರ ಪತ್ತೆ ಹಚ್ಚುವ ಉಪಾಯ’ ಎಂಬ ಸಂದೇಶ ಬಂದರೆ ಒಂದೇ ಪ್ರಶ್ನೆ ಕೇಳಿ: ಇದೇ ಪರೀಕ್ಷೆಯಲ್ಲಿ ಬೇರೆ ಮರವೂ ಪಾಸಾಗುತ್ತದೆಯೇ? ಹೌದಾದರೆ ಅದನ್ನು ಫಾರ್ವರ್ಡ್ ಮಾಡಬೇಡಿ. ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು ಮನೆಯಲ್ಲಿದ್ದರೆ, ಹೊನ್ನೆ ನೀರಿನ ವಿಚಾರವನ್ನು ಅವರ ಜೊತೆ ಕೂತು ಮಾತಾಡಿ.